ಹದಿನೇಳನೇ ಕಾರ್ಡು

ಜನವರಿ 6, ಸೋಮವಾರ

ಬಸ್ಸು ಇವತ್ತೂ ಲೇಟು. ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟಿದೆ. ಮೊದಲ ಪೀರಿಯಡ್ಡೇ ನಾಲ್ಕನೇ ತರಗತಿಯ ಇಂಗ್ಲಿಷ್. ಗೋಡೆಯ ಚಾರ್ಟಿನಲ್ಲಿ ಐ ಅಂದರೆ ಇಗ್ಲೂ, ಹಿಮದ ಮನೆ. ಕಳಸದ ಕಾಫಿ ಎಸ್ಟೇಟಿನ ಆಳುಗಳ ಲೈನುಮನೆಗಳಿಂದ ನಡೆದು ಬರುವ ಮಕ್ಕಳಿಗೆ ಹಿಮದ ಮನೆ ತೋರಿಸಿ ಏನು ಮಾಡಲಿ? ಕಿತ್ತು ಸುರುಳಿ ಸುತ್ತಿ ಬೀರುವಿನ ಮೇಲೆ ಎಸೆದೆ.

ಇವರ ಬಾಯಲ್ಲಿ ಆಗಲೇ ಎಷ್ಟು ಇಂಗ್ಲಿಷ್ ಇದೆ. ಎಸ್ಟೇಟ್, ರೈಟರ್, ಪಲ್ಪರ್, ಶೇಡ್, ಯಾರ್ಡ್... ಅದು ಇಂಗ್ಲಿಷ್ ಅಂತ ಯಾರೂ ಹೇಳಿಲ್ಲ, ಅಷ್ಟೆ. ನಾನೇ ಮಾಡುತ್ತೇನೆ. ಇಪ್ಪತ್ತು ಕಾರ್ಡು. ಮುಂದೆ ಇಲ್ಲಿಯದೇ ಫೋಟೋ, ಹಿಂದೆ ಒಂದು ವಾಕ್ಯ.

25ಕ್ಕೆ ಮೂಡಿಗೆರೆಯಲ್ಲಿ ಕಲಿಕೋಪಕರಣ ಪ್ರದರ್ಶನ. ಆಯ್ಕೆಯಾದರೆ ಸುತ್ತಲಿನ ಶಾಲೆಗಳಿಗೆಲ್ಲ ಅಚ್ಚು ಹಾಕಿಸಿ ಕೊಡುತ್ತಾರಂತೆ. ಆಗುತ್ತದೆ. ನನಗೆ ಅನುಮಾನವಿಲ್ಲ.

ಜನವರಿ 8, ಬುಧವಾರ, ಸಂಜೆ

ಶಾಲೆ ಬಿಟ್ಟವಳೇ ಎಸ್ಟೇಟಿಗೆ ಹೋದೆ. ಆಳುಗಳ ಹಾಜರಿ ಬರೆಯುವ ರೈಟರ್ ಓಂಕಾರಮೂರ್ತಿಯವರನ್ನು ಕೇಳಿದೆ — ಫೋಟೋ ತೆಗೆಯಬಹುದಾ?

"ತಗೊಳ್ಳಿ ಮೇಡಂ, ಅದಕ್ಕೇನಂತೆ. ಎಲ್ಲ ನಮ್ಮ ಆಳುಗಳೇ" ಅಂದರು. ತಲೆ ಬಾಚಿಕೊಂಡು ಬಂದು ತಮ್ಮದೂ ಒಂದು ತೆಗೆಸಿಕೊಂಡರು.

ರೊಬಸ್ಟಾ ಕುಯ್ಲು ಜೋರಾಗಿದೆ. ಗಿಡಗಳ ನಡುವೆ ನನ್ನ ನಾಲ್ಕನೇ ತರಗತಿಯ ರಕ್ಷಾಳ ಅಮ್ಮ ಸಿಕ್ಕಿದಳು. ಸೀರೆಯ ಮೇಲೆ ಗಂಡನ ಹಳೇ ಶರ್ಟು, ತಲೆಗೆ ಟವೆಲ್, ಸೊಂಟಕ್ಕೆ ಕಟ್ಟಿದ ಚೀಲ. ಕೊಂಬೆ ಬಗ್ಗಿಸಿ ಹಣ್ಣು ಕುಯ್ಯುತ್ತಿದ್ದಳು. ಮುಖ ಅರ್ಧ ಎಲೆಯ ಹಿಂದೆ, ಬಿಸಿಲು ಮಾತ್ರ ಕೈ ಮೇಲೆ. ತೆಗೆದುಬಿಟ್ಟೆ. ಇಪ್ಪತ್ತರಲ್ಲಿ ಇದಕ್ಕಿಂತ ಒಳ್ಳೆಯದು ಬರಲಾರದು.

ಜನವರಿ 10, ಶುಕ್ರವಾರ

ಕಳಸ ಪೇಟೆ. ಫಜಲುಲ್ಲಾ ಅವರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್, ಲ್ಯಾಮಿನೇಷನ್. ಅವರ ಫೋಟೋ ಕೂಡ ಸೆಟ್ಟಿನಲ್ಲಿದೆ. ಕಾರ್ಡನ್ನು ಎರಡು ಸಲ ಕಣ್ಣ ಹತ್ತಿರ ಹಿಡಿದು ನೋಡಿದರು.

"ಹೆಸ್ರು ಸರಿಯಾಗಿದ್ಯಾ ನೋಡ್ಕೊಂಡ್ಬಿಡಿ ಮೇಡಂ. ಒಂದ್ಸಲ ಮೆಷಿನ್ನಿಗೆ ಹಾಕಿದ್ರೆ ಆಮೇಲೆ ತಿದ್ದೋಕಾಗಲ್ಲ."

ನೋಡಿದೆ. 15 — ಮಿಸ್ಟರ್ ಓಂಕಾರಮೂರ್ತಿ ಈಸ್ ಎ ರೈಟರ್. 16 — ಮಿಸ್ಟರ್ ಫಜಲುಲ್ಲಾ ಈಸ್ ಎ ಶಾಪ್‌ಕೀಪರ್. 17 — ಶಿ ಈಸ್ ಎ ಕಾಫಿ ಪಿಕರ್. ಎಲ್ಲ ಸರಿಯಿದೆ. ಹಾಕಿ ಅಂದೆ.

ಜನವರಿ 13, ಸೋಮವಾರ

ರಕ್ಷಾ ಮಾತಾಡಿದಳು. ಜೂನ್‌ನಿಂದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ತುಟಿ ಬಿಚ್ಚದ ಹುಡುಗಿ. ಪಲ್ಪರ್ ಕಾರ್ಡು ತೋರಿಸಿದ್ದೇ ತಡ, ಎದ್ದು ನಿಂತು "ದಿಸ್ ಈಸ್ ಎ ಪಲ್ಪರ್" ಅಂದಳು. ಯಾರೂ ಕೇಳದಿದ್ದರೂ "ಇಟ್ ಈಸ್ ಬಿಗ್" ಅಂತ ಸೇರಿಸಿದಳು. ಹಣ್ಣಿನ ಸಿಪ್ಪೆ ಬಿಡಿಸುವ ಆ ಮೆಷಿನ್ನಿನ ಪಕ್ಕದಲ್ಲೇ ಬೆಳೆದವಳು, ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು.

ನನಗಂತೂ ಕುಣಿಯುವಷ್ಟು ಖುಷಿ. ತೀರ್ಮಾನ ಮಾಡಿದೆ. ಮೂಡಿಗೆರೆಯಲ್ಲಿ ಕಾರ್ಡು ಹಿಡಿದು ಮಾತಾಡುವವಳು ರಕ್ಷಾ. ಸೆಟ್ಟನ್ನೇ ಮನೆಗೆ ಕೊಟ್ಟು ಕಳಿಸಿದೆ. ಅಮ್ಮನಿಗೆ ಓದಿ ತೋರಿಸು, ಅರ್ಥವನ್ನೂ ಹೇಳು ಅಂದೆ.

ಜನವರಿ 16, ಗುರುವಾರ

ಹಬ್ಬ ಕಳೆದು ಬಂದ ಸೆಟ್ಟಿನಲ್ಲಿ ಹತ್ತೊಂಬತ್ತೇ ಕಾರ್ಡು. 17 ಇಲ್ಲ. ಕೇಳಿದರೆ ನೆಲ ನೋಡುತ್ತಾಳೆ. ಪಲ್ಪರ್ ತೋರಿಸಿದೆ. ಅದಕ್ಕೂ ಮಾತಿಲ್ಲ. ಜೂನ್‌ನ ರಕ್ಷಾ ವಾಪಸ್ಸು ಬಂದು ಕೂತಿದ್ದಾಳೆ.

ಜನವರಿ 17, ಶುಕ್ರವಾರ

ಬಂದೇ ಇಲ್ಲ. ಅದೇ ಲೈನಿನ ಶಿಲ್ಪಾ ಹೇಳಿದಳು — "ಅವ್ಳ ಅಮ್ಮಂಗೆ ಬೇಜಾರಾಗಿದೆ ಟೀಚರ್. ಮೂಡಿಗೆರೆಗೆ ಕಳ್ಸಲ್ಲ ಅಂದಿದ್ದಾರೆ. ಕಾರ್ಡು ಅಕ್ಕಿ ಡಬ್ಬೀಲಿಟ್ಟಿದ್ದಾರೆ."

ಅರ್ಥವಾಯಿತು. ಆ ಶರ್ಟು. ಕೆಲಸದ ಬಟ್ಟೆಯಲ್ಲಿ ಊರಿಗೆಲ್ಲ ಕಾಣಿಸಿಕೊಳ್ಳಲು ಯಾವ ಹೆಂಗಸಿಗೆ ಇಷ್ಟ? ನನಗೆ ಮೊದಲೇ ಹೊಳೆಯಬೇಕಿತ್ತು. ಇರಲಿ, ಸರಿ ಮಾಡಬಹುದು. ನನ್ನ ಮೆರೂನ್ ರೇಷ್ಮೆ ಸೀರೆ ತೆಗೆದಿಟ್ಟೆ. ಭಾನುವಾರ ಹೋಗಿ ಚೆಂದದ ಫೋಟೋ ಒಂದು ತೆಗೆದರೆ ಮುಗಿಯಿತು.

ಜನವರಿ 19, ಭಾನುವಾರ

ಮುಗಿಯಲಿಲ್ಲ.

ರಕ್ಷಾಳ ಮನೆಗೆ ಹೋಗಿ ಅವಳ ಅಮ್ಮನಿಗೆ ಸೀರೆ ಬಿಡಿಸಿ ತೋರಿಸಿದೆ. ಮುಟ್ಟಿ ನೋಡಿದಳು, ಮಡಿಸಿ ವಾಪಸ್ಸು ಕೊಟ್ಟಳು. "ರೇಷ್ಮೆ ಸೀರೆ ಉಟ್ಕೊಂಡು ಯಾರು ಹಣ್ಣು ಕುಯ್ತಾರೆ ಟೀಚರ್?" ಅಂದಳು. ಕುಡಿಯಲು ಕಾಫಿ ಕೊಟ್ಟಳು. ಆಮೇಲೆ ಅಕ್ಕಿ ಡಬ್ಬಿಯಿಂದ ಕಾರ್ಡು ತೆಗೆದು, ಸೆರಗಿನಲ್ಲಿ ಒರೆಸಿ ನನ್ನ ಮುಂದಿಟ್ಟಳು.

"ಒಂದೊಂದೇ ಓದಿ ಅರ್ಥ ಹೇಳಿದ್ಲು. ಖುಷಿಯಾಗಿತ್ತು ನಂಗೆ. ರೈಟರ್‌ದು ಬಂತು, ಹೆಸ್ರಿತ್ತು. ಅಂಗಡಿ ಸಾಹೇಬ್ರದ್ದು ಬಂತು, ಹೆಸ್ರಿತ್ತು. ನಂದು ಬಂದಾಗ 'ಇವಳು ಕಾಫಿ ಕುಯ್ಯೋಳು' ಅಂದ್ಲು. ನನ್ ಮಗಳ ಬಾಯಲ್ಲಿ, ಟೀಚರ್."

ನಾನು ಲೋಟ ಕೆಳಗಿಟ್ಟೆ.

"ಕುಯ್ಯೋಳು ಅನ್ನೋದಕ್ಕೆ ನಾಚ್ಕೆ ಇಲ್ಲ. ಹನ್ನೆರಡು ವರ್ಷದಿಂದ ಕುಯ್ತಿದ್ದೀನಿ. ಫೋಟೋ ತೆಗೀಲಾ ಅಂತ ರೈಟರ್ ಹತ್ರ ಕೇಳಿದ್ರಂತೆ. ನಾನು ಅಲ್ಲೇ ಇದ್ನಲ್ಲ."

ಎಸ್ಟೇಟಿನೊಳಗೆ ಏನೇ ಬೇಕಾದರೂ ರೈಟರನ್ನು ಕೇಳುವುದು ಇಲ್ಲಿಯ ರೂಢಿ. ಏಣಿ ಬೇಕಾದರೂ, ಜೀಪು ಬೇಕಾದರೂ. ಅದೇ ಬಾಯಲ್ಲಿ ಒಬ್ಬರ ಮುಖವನ್ನೂ ಕೇಳಿ ಬಂದಿದ್ದೇನೆ. ಅದಕ್ಕಿಂತ ನಾಚಿಕೆಯ ಮಾತು — ಆ ಹೊತ್ತಿಗೂ ನನಗೆ ಅವರ ಹೆಸರು ಗೊತ್ತಿರಲಿಲ್ಲ. ನಾಲ್ಕು ವರ್ಷದಿಂದ ಪೋಷಕರ ಸಭೆಗೆ ಬರುತ್ತಾರೆ. ರಕ್ಷಾಳ ಅಮ್ಮ ಅಂತಲೇ ಕರೆದಿದ್ದೇನೆ. ಈ ಡೈರಿಯಲ್ಲೂ ಹಾಗೇ ಬರೆದಿದ್ದೇನೆ, 'ಸಿಕ್ಕಿದಳು, ಕುಯ್ಯುತ್ತಿದ್ದಳು' ಅಂತ. ಮೇಲಿನ ಸಾಲುಗಳಲ್ಲೂ ಅಭ್ಯಾಸ ಬಿಟ್ಟಿಲ್ಲ.

"ತಪ್ಪಾಯ್ತು. ನಿಮ್ಮ ಹೆಸರು ಹೇಳಿ" ಅಂದೆ.

"ಯಶೋದಾ."

"ನಿಮ್ಮ ಫೋಟೋ ತೆಗೆಯಲಾ, ಯಶೋದಾ ಅವರೇ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಸುಮ್ಮನೆ ಅಲ್ಲ, ನಿಜವಾಗಿ ಯೋಚಿಸಿದರು. ಆಮೇಲೆ ಒಳಗೆ ಹೋಗಿ ಅದೇ ಶರ್ಟು ತೊಟ್ಟು, ತಲೆಗೆ ಟವೆಲ್ ಬಿಗಿದು ಬಂದರು. "ಈ ಸಲ ಮುಖ ಕಾಣೋ ಹಾಗೆ ತೆಗೀರಿ. ಕೈ ನೋಡಿದ್ರೆ ಯಾರ್ದು ಅಂತ ಯಾರಿಗೆ ಗೊತ್ತಾಗುತ್ತೆ?"

ರಕ್ಷಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಜನವರಿ 22, ಬುಧವಾರ

ಹೊಸ 17. ಫಜಲುಲ್ಲಾ ಮೆಷಿನ್ನಿಗೆ ಹಾಕುವ ಮೊದಲು ಕೇಳಿದರು, "ಹೆಸ್ರು ನೋಡ್ಕೊಂಡ್ರಾ ಮೇಡಂ?"

"ಅವರೇ ನೋಡಿದ್ದಾರೆ" ಅಂದೆ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಮಗಳ ಹತ್ತಿರ ಓದಿಸಿದ್ದಾರೆ. ಉಳಿದ ಕಾರ್ಡುಗಳವರ ಹತ್ತಿರವೂ ಹೋಗಿ ಒಬ್ಬೊಬ್ಬರನ್ನೇ ಕೇಳಿ ಬಂದೆ. ಎರಡು ದಿನ ಹಿಡಿಯಿತು. ಸೆಟ್ಟು ಮೊದಲಿಗಿಂತ ಚೆನ್ನಾಗಿದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ... ಸ್ವಲ್ಪ ಜಂಬವೂ ಇದೆ.

ರಕ್ಷಾ ಶಾಲೆಗೆ ಬರುತ್ತಿದ್ದಾಳೆ. ಇಂಗ್ಲಿಷ್ ಮಾತ್ರ ಇನ್ನೂ ಆಡಿಲ್ಲ.

ಜನವರಿ 25, ಶನಿವಾರ, ಮೂಡಿಗೆರೆ, 11.40

ಹಾಲ್ ತುಂಬ ಥರ್ಮಾಕೋಲ್. ಮೂರು ಕಡೆ ಇಗ್ಲೂ ಕಂಡೆ. ನಮ್ಮ ಮೇಜು ಕಿಟಕಿಯ ಹತ್ತಿರ. ಯಶೋದಾ ಅವರೂ ಬಂದಿದ್ದಾರೆ, ಕುಯ್ಲಿನ ನಡುವೆ ಒಂದು ದಿನ ರಜೆ ಕೇಳಿ. ಕೂರಿ ಅಂದರೆ ಕೂರುವುದಿಲ್ಲ, ಬಾಗಿಲ ಹತ್ತಿರ ನಿಂತಿದ್ದಾರೆ. ಬಸ್ಸಿನಲ್ಲಿ ಎರಡು ಗಂಟೆ ರಕ್ಷಾ ಒಂದು ಮಾತೂ ಆಡಲಿಲ್ಲ. ಕೈಗೆ ಕೆಲಸವಿರಲಿ ಅಂತ ಬರೆಯುತ್ತಿದ್ದೇನೆ.

ತೀರ್ಪುಗಾರರು ನಮ್ಮ ಮೇಜಿಗೆ ಬಂದರು. ಕಾರ್ಡು ತಿರುವಿ ಹಾಕುತ್ತಿದ್ದಾರೆ. ಒಂದನ್ನು ಎತ್ತಿದರು — 17. "ಹೂ ಈಸ್ ಶಿ?" ಅಂತ ರಕ್ಷಾಳನ್ನು ಕೇಳಿದರು.

ಹುಡುಗಿ ನನ್ನ ಕಡೆ ನೋಡಲಿಲ್ಲ. ಬಾಗಿಲ ಕಡೆ ನೋಡಿದಳು. ಕೈ ಎತ್ತಿ ತೋರಿಸಿದಳು. ಹಾಲಿನ ಆ ತುದಿಗೂ ಕೇಳುವ ಹಾಗೆ —

"ಮಿಸಸ್ ಯಶೋದಾ. ಶಿ ಈಸ್ ಮೈ ಮದರ್. ಶಿ ಈಸ್ ಎ ಕಾಫಿ ಪಿಕರ್" ಅಂದಳು.