ಗೋಧಿ ಹಡಗಿನವರಿಗೆ

ಬೇಕರಿಯ ಹಿಂಬದಿ ಕೋಣೆ, ಬಂದರಿನ ಬೀದಿ
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಹಡಗಿನ ನೀರನ್ನು ಕಾಯಿಸಿಯೇ ಕುಡಿಯಿರಿ, ಅಲ್ಲೂ ಹಟ ಮಾಡಬೇಡಿ. ಇಲ್ಲಿ ನಾನು, ಅತ್ತೆ, ನಮ್ಮ ಗುಬ್ಬಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ.

ರೀ, ಗ್ಯಾಸ್ ಬಂತು! ಬೆಳಿಗ್ಗೆ ಸುಮ್ಮನೆ ಕಡ್ಡಿ ಗೀರಿ ನೋಡಿದರೆ ಒಲೆಯಲ್ಲಿ ಭುಸ್ಸೆಂದು ನೀಲಿ ಉರಿ ಎದ್ದಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿ ಮನೆಮನೆಗೂ ಸಾರಿ ಬಂದರು. ಚಳಿಗಾಲವಿಡೀ ಒಂದು ದೊಡ್ಡ ದೇಶ ಗ್ಯಾಸಿನ ಕೊಳವೆ ಮುಚ್ಚಿಟ್ಟಿತ್ತು, ಅದರ ಮೇಲಿನ ಸಿಟ್ಟಿಗೆ ಇನ್ನೊಂದು ದೊಡ್ಡ ದೇಶ ಅಲ್ಲಿಂದ ಗೋಧಿ ತರುವ ಹಡಗುಗಳನ್ನು ನಮ್ಮ ಬಂದರಿನ ಹೊರಗೇ ತಡೆಯಿತು. ನಿಮ್ಮ ಹಡಗು ನಮ್ಮ ಮಾಳಿಗೆಯಿಂದಲೇ ಕಾಣುತ್ತದೆ, ಆದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂದು ಅತ್ತೆ ದಿನಾ ಗೊಣಗುತ್ತಾರೆ. ಈಗ ಒಲೆ ಕಾದಿದೆ, ಹಿಟ್ಟು ಮಾತ್ರ ಕೊನೆಯ ಮೂಟೆ. ಅದು ಮುಗಿದರೆ ಬೀದಿಗೇ ಬ್ರೆಡ್ಡಿಲ್ಲ.

ಇನ್ನೊಂದು ಸಂತೋಷ ಕೇಳಿ. ಹಡಗು ತಡೆದವರ ಅಧಿಕಾರಿಯೇ ಬಂದು, ಮನೆಯವರು ಬನ್ನಿ ಎಂದು ಕಾಗದ ಬರೆದರೆ ನಾಳೆ ನಿಮ್ಮನ್ನೆಲ್ಲ ದೋಣಿಯಲ್ಲಿ ದಡಕ್ಕೆ ಬಿಡುತ್ತೇವೆ ಎಂದರು! ಕಾಗದವನ್ನು ಅವರು ಓದಿ, ಮೊಹರು ಹಾಕಿ, ನೀರು ಒಯ್ಯುವ ದೋಣಿಯಲ್ಲಿ ಕಳಿಸುತ್ತಾರಂತೆ. ಸದ್ಯಕ್ಕೆ ಅಂಗಡಿಯಲ್ಲಿ ಕೂತು ನಮ್ಮ ಮೊದಲ ಬ್ರೆಡ್ಡನ್ನು ಹೊಟ್ಟೆಬಾಕನ ಹಾಗೆ ಮುಕ್ಕುತ್ತಿದ್ದಾರೆ. (ಓದಿದರೆ ಓದಲಿ, ನನಗೇನು ಭಯ?) ಗುಬ್ಬಿ ಕುಣಿದು ಕುಣಿದು ಎರಡು ಲೋಟ ಒಡೆದಳು. ನಿಮ್ಮ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ನೀವಿಲ್ಲದೆ ಸಾಕಾಗಿಹೋಗಿದೆ ನನಗೆ. ಬಂದುಬಿಡಿ.

ಅತ್ತೆಯ ಆಶೀರ್ವಾದ, ಗುಬ್ಬಿಯ ಹತ್ತು ಮುತ್ತು.

ನಿಮ್ಮ
ಬಾಯಿಬಡುಕಿ

ತಾ.ಕ.: ಅಧಿಕಾರಿ ಓದಿ, ನಕ್ಕು, ಮೊಹರು ಹಾಕಿ ಕೈ ತೊಳೆಯಲು ಹೋಗಿದ್ದಾರೆ. ಮೊಹರು ಬಿದ್ದದ್ದನ್ನು ಮತ್ತೆ ಓದುವುದಿಲ್ಲ, ಅವರು ಬರುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು, ಅದಕ್ಕೇ ಅವಸರ. ಕ್ರೇನ್ ಓಡಿಸುವ ನನ್ನ ತಮ್ಮ ಈಗಷ್ಟೇ ಬಂದು ಕಿವಿಯಲ್ಲಿ ಹೇಳಿದ: "ಅಕ್ಕಾ, ಭಾವನೋರೂ ಜೊತೆಯೋರೂ ಇಳಿದ್ರೆ ಹಡಗಲ್ಲಿ ಯಾರೂ ಇಲ್ಲ ಅಂತಾಗುತ್ತೆ. ಬಿಟ್ಟುಹೋದ ಹಡಗು ಅಂತ ಗೋಧಿ ಸಮೇತ ಎಳ್ಕೊಂಡು ಹೋಗ್ತಾರೆ." ಗ್ಯಾಸ್ ಬಂದ ಮೇಲೆ ತಡೆಯಲು ಅವರಿಗೆ ನೆಪವಿಲ್ಲ, ನೀವು ಕೂತೇ ಇದ್ದರೆ ಬಿಡಲೇಬೇಕಂತೆ. ಮೇಲೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ರೀ. ಆದರೂ ಇಳಿಯಬೇಡಿ. ಜೊತೆಯವರಿಗೂ ಹೇಳಿ, ಯಾರ ಹೆಂಡತಿ ಏನೇ ಬರೆದಿರಲಿ, ಒಬ್ಬರೂ ಇಳಿಯಬೇಡಿ.