ಮೂಗು ಮೇಸ್ತ್ರಿಯ ಗಾಡಿ

ಮನೆಯಿಂದ
ಒಂಬತ್ತನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗನಿಗೆ ಅಮ್ಮನ ಮನಸಾರೆ ಆಶೀರ್ವಾದ.

ಹೇಗಿದ್ದೀಯ ಕಂದಾ? ಬೆನ್ನು ನೋವು ಇಳಿಯಿತೇ? ಪೈಪ್‌ಲೈನ್ ಕ್ಯಾಂಪಿನ ಊಟ ಬಾಯಿಗೆ ಹತ್ತುತ್ತಿಲ್ಲ ಎಂದು ಬರೆದಿದ್ದೆ. ಹತ್ತದಿದ್ದರೂ ತಿನ್ನು, ಬರುವಾಗ ನೀನು ನಿನ್ನ ಬೂಟಿನಷ್ಟು ತೂಕವಾದರೂ ಇರಬೇಕು. ಇಲ್ಲಿ ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡ ಕೂಡಲೇ ಮುನಿಸಿಕೊಳ್ಳುತ್ತದೆ. ನಿಮ್ಮಪ್ಪನ ಜ್ವರ ಬಿಟ್ಟು ಎರಡು ತಿಂಗಳಾಯಿತು. ಓಡಾಟ, ಊಟ, ನನ್ನ ಮೇಲೆ ರೇಗುವುದು, ಎಲ್ಲ ಮೊದಲಿನಂತೆಯೇ ಇದೆ. ನಿನ್ನ ಕ್ಯಾಂಪಿಗೆ ಫೋನ್ ಸಿಗುವುದೇ ಅಪರೂಪ, ಸಿಕ್ಕಾಗಲೂ ಅದು ಅವರ ಜೇಬಿನಲ್ಲಿರುತ್ತದೆ, ನನ್ನ ಸರದಿ ಬರುವಷ್ಟರಲ್ಲಿ ಲೈನ್ ಕಟ್. ಅದಕ್ಕೇ ಈ ಕಾಗದ. ನನ್ನ ಒತ್ತಕ್ಷರ ತಿದ್ದುವ ನೆಪದಲ್ಲಿ ಇದನ್ನೂ ಅವರು ಓದಿಯೇ ಅಂಟಿಸುತ್ತಾರೆ, ನಿನಗೆ ಗೊತ್ತಿದ್ದದ್ದೇ.

ಗಾಡಿಯ ಸುದ್ದಿ ಕೇಳಿದ್ದೆಯಲ್ಲ, ಹೇಳುತ್ತೇನೆ. ನೀನೂ ಅಪ್ಪನೂ ಸೇರಿ ಕರೆದವರ ಬಾಗಿಲಿಗೇ ಹೋಗಿ ವೆಲ್ಡಿಂಗ್ ಮಾಡಿಕೊಡಬೇಕೆಂದಿರುವ ಆ ಗಾಡಿ ಈಗ ಮುಕ್ಕಾಲು ಪಾಲು ತಯಾರು. ಹಳೆಯ ಬ್ರೆಡ್ ಸಾಗಿಸುವ ಟ್ರಕ್ ಎಂದು ಈಗ ಯಾರೂ ಹೇಳಲಾರರು. ಒಳಗಿನ ಹಲಗೆಗಳನ್ನೆಲ್ಲ ಕಿತ್ತೆಸೆದು ಎಡಗಡೆ ಉದ್ದಕ್ಕೆ ಕಬ್ಬಿಣದ ಮೇಜು ಕೂರಿಸಿದ್ದಾರೆ. ಅದರ ಕೊನೆಗೆ ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಕೆಳಗೆ ಗ್ರೈಂಡರು, ಸುತ್ತಿಗೆಗಳು, ಒಂದೊಂದಕ್ಕೂ ಒಂದೊಂದು ಕೊಕ್ಕೆ. ನನ್ನ ಅಡುಗೆಮನೆಗೆ ಒಂದು ಮೊಳೆ ಹೊಡೆದುಕೊಡಿ ಎಂದು ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ, ಅಲ್ಲಿ ನೋಡಿದರೆ ಒಂದು ಕುಂಚಕ್ಕೂ ಸ್ವಂತ ಮನೆ. ಜನರೇಟರು ಹಿಂಬದಿಗೆ. ವೆಲ್ಡಿಂಗ್ ಮೆಷಿನ್ನು ಅದರ ಪಕ್ಕ. ಕೇಬಲ್ ಸುತ್ತಲು ಹಳೆಯ ಸೈಕಲ್ಲಿನ ಚಕ್ರದ ರಿಮ್ಮು ಹಾಕಿದ್ದಾರೆ, ಎಳೆದರೆ ಗರಗರ ಎಂದು ಬರುತ್ತದೆ. ವೆಲ್ಡಿಂಗ್ ರಾಡುಗಳಿಗೆ ತೇವ ಹಿಡಿಯಬಾರದೆಂದು ಒಂದು ತಗಡಿನ ಪೆಟ್ಟಿಗೆ ಮಾಡಿ ಒಳಗೆ ಬಲ್ಬ್ ಇಟ್ಟಿದ್ದಾರೆ. ಗಾಡಿ ಸ್ಟಾರ್ಟ್ ಮಾಡಿದರೆ ಅದೂ ಹತ್ತುತ್ತದೆ, ಕಾವಿಗೆ ಕೂತ ಕೋಳಿಯ ಹಾಗೆ ರಾಡುಗಳನ್ನು ಬೆಚ್ಚಗಿಡುತ್ತದೆ.

ಬಲಗಡೆ ಮೂಲೆಯಲ್ಲಿ ಎರಡು ಸಿಲಿಂಡರು, ಆಕ್ಸಿಜನ್ ಒಂದು, ಗ್ಯಾಸ್ ಒಂದು, ಸರಪಳಿ ಹಾಕಿ ನಿಲ್ಲಿಸಿದ್ದಾರೆ. ಮೇಲೂ ಕೆಳಗೂ ಗಾಳಿಕಿಂಡಿ ಕೊರೆಯಿರಿ ಎಂದು ನೀನು ಎರಡು ಸಲ ಬರೆದೆ. ಇನ್ನೂ ಕೊರೆದಿಲ್ಲ. ಧೂಳು ಬರುತ್ತದಂತೆ, ನೀರು ಬರುತ್ತದಂತೆ. ಸುತ್ತ ತಗಡು ಹೊಡೆದು, ಸಂದಿಗೆಲ್ಲ ಪುಟ್ಟಿ ತುಂಬಿ, ಹಿಂದಿನ ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿ, ಇರುವೆ ಕೂಡ ವಿಳಾಸ ಕೇಳಿಕೊಂಡು ಬರಬೇಕು ಹಾಗೆ ಮಾಡಿದ್ದಾರೆ. ಕಿಂಡಿ ಯಾಕೆ, ನಾನಿದ್ದೀನಲ್ಲ ಅಂತಾರೆ.

ಅವರು ಹಾಗನ್ನುವುದು ಸುಮ್ಮನೆ ಅಲ್ಲ. ಫ್ಯಾಕ್ಟರಿಯಲ್ಲಿ ಅವರನ್ನು ಮೂಗು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಒಂದು ದಿನ ಶೆಡ್ಡಿನ ಬಾಗಿಲಲ್ಲೇ ನಿಂತು ಎರಡು ಸಲ ಮೂಸಿ, ಗ್ಯಾಸ್ ಸೋರುತ್ತಿದೆ, ಎಲ್ಲರೂ ಆಚೆ ಬನ್ನಿ ಎಂದು ಕೂಗಿ, ಹದಿನಾಲ್ಕು ಜನರನ್ನು ಹೊರಗೆಳೆದರಲ್ಲ, ಆಗಿನಿಂದ. ಆಮೇಲೆ ಅಲ್ಲಿ ಯಾರೂ ಬೆಂಕಿ ಹಚ್ಚುವ ಮುಂಚೆ ಬೇರೆ ಪರೀಕ್ಷೆ ಮಾಡಿದ್ದೇ ಇಲ್ಲ. ಇವರು ಬಂದು ಮೂಸಬೇಕು, ಬೆರಳೆತ್ತಬೇಕು, ಹಚ್ಚಿ ಅನ್ನಬೇಕು, ಅಷ್ಟೇ. ನೀನು ಕೆಲಸ ಕಲಿತು ಬಂದವನು ಕೊಳವೆಗೆ ಸೋಪಿನ ನೀರು ಹಚ್ಚಿ ಸೋರುತ್ತಿದೆಯೇ ಎಂದು ಗುಳ್ಳೆ ನೋಡಿದ್ದಕ್ಕೆ, ನಮ್ಮ ಮನೆಗೆ ಬಟ್ಟೆ ಒಗೆಯೋನು ಬಂದ ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದರು. ನೀನೂ ಮುಖ ಕೆಂಪು ಮಾಡಿಕೊಂಡು ಸೋಪು ಬಿಟ್ಟೆ. ಅಪ್ಪ ಮೂಸಿದರೆ ಮುಗೀತು ಎಂದು ನೀನೇ ನನಗೆ ಹೇಳಿದ್ದೆ.

ಮೊನ್ನೆ ನೀರು ಕೊಡಲು ಗಾಡಿಯೊಳಗೆ ಹೋದೆ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಗಂಟಲಿಗೇ ಬಂತು. ಅವರು ಸಿಲಿಂಡರಿನ ಹತ್ತಿರ ಬಗ್ಗಿ ದೀರ್ಘವಾಗಿ ಮೂಸಿ, ಏನಿಲ್ಲ, ನಿನ್ನ ಕೈಯೇ ಬೆಳ್ಳುಳ್ಳಿ, ಬೆಳಗ್ಗೆಯಿಂದ ಬಿಡಿಸ್ತಿದ್ದೆಯಲ್ಲ ಅಂದರು. ಬಿಡಿಸಿದ್ದು ನಿಜವೇ. ಮೂಗು ಮೇಸ್ತ್ರಿಯೇ ಇಲ್ಲ ಅಂದ ಮೇಲೆ ನಾನು ಎಷ್ಟರವಳು?

ಇನ್ನೊಂದು ತಮಾಷೆ ಕೇಳು. ನಿಮ್ಮಪ್ಪ ತುಂಬಾ ಒಳ್ಳೆಯವರಾಗಿಬಿಟ್ಟಿದ್ದಾರೆ. ಮುಂಚೆ ಹಾಲು ತಳ ಹಿಡಿದರೆ ಬೀದಿಯ ತುದಿಯಿಂದಲೇ ಬೈದುಕೊಂಡು ಬರುತ್ತಿದ್ದವರು, ಹೋದ ವಾರ ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ ನಾರುತ್ತಿದ್ದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಅದೇ ಹಾಲಿನ ಚಹಾ ಕೊಟ್ಟೆ. ಚೆನ್ನಾಗಿದೆ ಅಂದರು. ಮದುವೆಯಾದಾಗಿನಿಂದ ನನ್ನ ಚಹಾಗೆ ಆ ಮಾತು ಬಂದದ್ದು ಇದೇ ಮೊದಲು, ನನಗೆ ಮೈ ಜುಮ್ಮೆಂದಿತು.

(ಮಗನೇ, ನಿನ್ನ ಅಮ್ಮ ಕಥೆ ಕಟ್ಟುವುದರಲ್ಲಿ ಗಟ್ಟಿಗಿತ್ತಿ. ಚಹಾ ಚೆನ್ನಾಗಿಯೇ ಇತ್ತು. ಗಾಡಿ ತಯಾರು. ನೀನು ಬರುವ ಹೊತ್ತಿಗೆ ನಾಲ್ಕು ಕೆಲಸ ಮುಗಿಸಿರುತ್ತೇನೆ. ಬಂದು ಗ್ಯಾಸ್ ಟಾರ್ಚ್ ಹಿಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಅಪ್ಪ.)

ನೋಡಿದೆಯಾ, ಪೆನ್ನು ಕಿತ್ತುಕೊಂಡು ಬರೆದರು. ಮೊದಲ ಕೆಲಸ ಸೋಮವಾರ, ಮರದ ಡಿಪೋದ ಗೇಟು. ಹಳೆಯ ತಿರುಗಣೆಯನ್ನು ಗ್ಯಾಸಿನಲ್ಲಿ ಕತ್ತರಿಸಿ ಹೊಸದು ಕೂರಿಸಬೇಕಂತೆ. ಸುತ್ತ ಮರದ ಹೊಟ್ಟು ಮಂಡಿಯುದ್ದ ಬಿದ್ದಿರುತ್ತದೆ. ಮಗ ಬರುವವರೆಗೆ ತಡೆಯಿರಿ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಗಾಡಿಯ ಬಾಗಿಲಿಗೆ ಅಪ್ಪ ಮಗನ ವೆಲ್ಡಿಂಗ್ ಎಂದು ಬಣ್ಣದಲ್ಲಿ ಬರೆಸಿದ್ದಾರೆ, ದಿನಕ್ಕೆ ಹತ್ತು ಸಲ ಅದನ್ನು ಒರೆಸುತ್ತಾರೆ. ಅವರನ್ನು ಇಷ್ಟು ಖುಷಿಯಾಗಿ ನಾನು ನೋಡಿ ಬಹಳ ಕಾಲವಾಯಿತು.

ಆರೋಗ್ಯ ನೋಡಿಕೋ. ಜೊತೆಯ ಹುಡುಗರನ್ನೆಲ್ಲ ಕೇಳಿದೆನೆಂದು ಹೇಳು. ನೂರು ಕಾಲ ಬಾಳು ಕಂದಾ, ಬೇಗ ಬಾ.

ನಿನ್ನ
ಅಮ್ಮ

ತಾ. ಕ. ಗೋಂದು ಹುಡುಕುತ್ತೇನೆಂದು ಅಡುಗೆಮನೆಗೆ ಬಂದು ನಿಂತುಕೊಂಡೇ ಬರೆಯುತ್ತಿದ್ದೇನೆ, ಇದನ್ನು ಅವರು ಓದಿಲ್ಲ. ನಿಮ್ಮಪ್ಪನಿಗೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ. ಆ ಜ್ವರದಿಂದ. ನಿನ್ನೆ ಅವರು ಕಣ್ಣು ಮುಚ್ಚಿ ಕೂತಿದ್ದಾಗ ಥಿನ್ನರ್ ಡಬ್ಬಿಯನ್ನು ಮೂಗಿನ ಕೆಳಗೇ ಹಿಡಿದೆ. ಅಲ್ಲಾಡಲಿಲ್ಲ. ಕಣ್ಣು ಬಿಟ್ಟು ಡಬ್ಬಿ ನೋಡಿ ಅತ್ತುಬಿಟ್ಟರು. ಮಗನಿಗೆ ಹೇಳ್ಬೇಡ ಕಣೇ, ಹೇಳಿದ್ರೆ ನನ್ನನ್ನ ಕುರ್ಚಿ ಮೇಲೆ ಕೂರಿಸಿಬಿಡ್ತಾನೆ ಎಂದು ಆಣೆ ಹಾಕಿಸಿಕೊಂಡರು. ಆಣೆ ಮುರಿದ ಪಾಪ ನನಗೇ ಇರಲಿ. ಇವತ್ತು ಅವರು ಸ್ನಾನಕ್ಕೆ ಹೋದಾಗ ನಿನ್ನ ಹಾಗೆ ಸೋಪಿನ ನೀರು ಹಚ್ಚಿ ನೋಡಿದೆ, ಗ್ಯಾಸಿನ ಕೊಳವೆ ಸೇರುವ ಕಡೆ ಗುಳ್ಳೆ ಮೇಲೆ ಗುಳ್ಳೆ. ಗ್ಯಾಸ್ ಸಿಲಿಂಡರನ್ನು ಮುಚ್ಚಿ ಅದನ್ನು ತಿರುಗಿಸಿ ತೆರೆಯುವ ಕೀಲಿ ತೆಗೆದುಕೊಂಡು ಬಂದೆ, ಕವರಿನಲ್ಲಿ ನಿನ್ನ ಕೈಗೆ ಗಟ್ಟಿಯಾಗಿ ಸಿಕ್ಕಿದ್ದು ಅದೇ. ಗುಳ್ಳೆ ಬಂತು ಅಂತಲೂ ಹೇಳಿದೆ, ಮತ್ತೆ ಮೂಸಿ, ಇಲ್ಲ ಅಂದರು. ಈಗ ಡಿಪೋದವನು ಫೋನ್ ಮಾಡಿದ, ಗೇಟು ಬಿದ್ದುಹೋಯಿತಂತೆ, ಇವತ್ತೇ ಬನ್ನಿ ಅಂದನಂತೆ. ಕೀಲಿ ಇಲ್ಲದಿದ್ರೆ ಏನಂತೆ, ತೆರೆಯೋಕೆ ಪಾನಾ ಸಾಕು ಅಂತಿದ್ದಾರೆ. ಕಬ್ಬಿಣದ ಮೇಲೆ ಪಾನಾ ಬಡಿಯುವ ಸದ್ದು ಇಲ್ಲಿಗೇ ಕೇಳುತ್ತಿದೆ. ಈ ಕಾಗದ ನಿನಗೆ ಸೇರಲು ಐದು ದಿನ ಬೇಕು. ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕುತ್ತೇನೆ. ಗಾಡಿ ಸ್ಟಾರ್ಟ್ ಆಯಿತು, ಹಾರ್ನ್ ಹೊಡೆಯುತ್ತಿದ್ದಾರೆ. ಒಬ್ಬರನ್ನೇ ಹೇಗೆ ಕಳಿಸಲಿ ಕಂದಾ? ನಾನೂ ಹತ್ತುತ್ತೇನೆ.