ಸ್ಕ್ರೂಡ್ರೈವರಿಗೆ ಕಿವಿ ಹಚ್ಚಿದಾಗ

ಮಾರ್ಚ್ ೧೪, ಶುಕ್ರವಾರ

ಮಗಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. "ಅಪ್ಪಾ, ಮೆಕ್ಯಾನಿಕ್ ನೀನು. ಯಾವ ಕಾರು ತಗೊಳ್ಳಲಿ? ಡೀಸೆಲ್ಲೋ, ಪೆಟ್ರೋಲೋ, ಎಲೆಕ್ಟ್ರಿಕ್ಕೋ, ಒಂದು ಹೇಳಿಬಿಡು" ಎಂದು ಬೆನ್ನು ಹತ್ತಿದ್ದಾಳೆ. ದೂರದ ಓಟಕ್ಕೆ ಡೀಸೆಲ್, ಊರೊಳಗೆ ಪೆಟ್ರೋಲ್ ಸಾಕು ಎಂದು ನೂರು ಜನಕ್ಕೆ ಹೇಳಿದ ಬಾಯಿ ಇದು.

ಸಂಜೆ ಅವಳು ಎಲೆಕ್ಟ್ರಿಕ್ ಕಾರೊಂದನ್ನು ನನಗೆ ತೋರಿಸಲು ಗ್ಯಾರೇಜಿಗೆ ತಂದಳು. ನಾನು ಅಭ್ಯಾಸಬಲದಿಂದ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒಳಗೆ ಊರಿ, ಹಿಡಿಗೆ ಕಿವಿ ಹಚ್ಚಿದೆ. ಇಂಜಿನ್ನಿನ ರೋಗ ಹಿಡಿಯಲು ಇದೇ ಗ್ಯಾರೇಜಿನಲ್ಲಿ ನನ್ನಣ್ಣ ಕಲಿಸಿದ ವಿದ್ಯೆ. ಮಗಳು ನಕ್ಕಳು. "ಇದಕ್ಕೆ ಇಂಜಿನ್ನೇ ಇಲ್ಲ, ಏನು ಕೇಳ್ಸುತ್ತಪ್ಪಾ?"

ಕೇಳಿಸಿತು. ಅಣ್ಣನ ಕೆಮ್ಮು.

"ಡೀಸೆಲ್ ಮೋಸ ಮಾಡಲ್ಲ ಕಣೋ, ಕೆಡೋಕೆ ಮುಂಚೆ ಕೂಗಿ ಹೇಳುತ್ತೆ" ಎನ್ನುತ್ತಿದ್ದ. ಕೊನೆಯ ಎರಡು ವರ್ಷ ನನ್ನ ಪಕ್ಕದಲ್ಲೇ, ಆ ಡೀಸೆಲ್ ಹೊಗೆಯಲ್ಲೇ ನಿಂತು ಕೆಮ್ಮಿದ. ಇಂಜಿನ್ ಸದ್ದು ಸರಿಯಾಗಿ ಕೇಳಿಸುವುದಿಲ್ಲವೆಂದು "ಆಚೆ ಹೋಗಿ ಕೆಮ್ಮಣ್ಣಾ" ಎಂದು ಗದರಿದವನು ನಾನೇ. ಅವನು ಬಾಗಿಲಾಚೆ ಹೋಗುತ್ತಿದ್ದ.

ಹೊಗೆಯಿಲ್ಲದ್ದನ್ನೇ ತಗೋ ಎನ್ನಬಹುದು. ಯಾಕೆ ಎಂದು ಮಗಳು ಕೇಳಿದರೆ, ಅಣ್ಣನನ್ನು ಆಚೆ ಕಳಿಸಿದ್ದನ್ನೂ ಹೇಳಬೇಕು.

ಅಣ್ಣ ತೀರಿಕೊಂಡು ಹನ್ನೊಂದು ತಿಂಗಳು. ಈಗಲೂ ಬಾಗಿಲಾಚೆಯೇ ನಿಂತು ಕೆಮ್ಮುತ್ತಿದ್ದಾನೆ. ಒಳಗೆ ಬಾ ಅಣ್ಣಾ ಎಂದು ಆಗ ಒಮ್ಮೆಯೂ ಕರೆಯಲಿಲ್ಲ ನಾನು.